ಕೊಠಡಿ ಕಾಯ್ದಿರಿಸುವ ಮುನ್ನ ಹಳ್ಳವನ್ನು ಕೇಳಿ

ನವರಾತ್ರಿ ಕಳೆದು ಮಳೆ ಹಿಂದೆ ಸರಿಯುತ್ತಿದ್ದಂತೆ ಮಲೆನಾಡಿನ ಮನೆಗಳಲ್ಲಿ ದೂರವಾಣಿ ಕರೆಗಳು ಹೆಚ್ಚುತ್ತವೆ. ಬೆಂಗಳೂರಿನಿಂದ, ಮಂಗಳೂರಿನಿಂದ, ಹುಬ್ಬಳ್ಳಿಯಿಂದ ಕರೆ ಮಾಡುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕಾಡಿನ ನಡುವೆ ಕಾಟೇಜು ಖಾಲಿ ಇದೆಯೇ? ಜಲಪಾತ ಎಷ್ಟು ದೂರ? ಗುಡ್ಡದ ತುದಿಯವರೆಗೆ ಜೀಪು ಹೋಗುತ್ತದೆಯೇ? ರಾತ್ರಿ ಕ್ಯಾಂಪ್ ಫೈರ್ ಹಾಕಿಕೊಡುತ್ತೀರಾ? ಬಿಸಿನೀರು ದಿನವಿಡೀ ಬರುತ್ತದೆಯೇ? ಇಷ್ಟೆಲ್ಲ ಕೇಳುವವರಲ್ಲಿ "ನಿಮ್ಮ ಕಡೆ ಈಗ ನೀರಿನ ಸ್ಥಿತಿ ಹೇಗಿದೆ, ನಾವು ಹತ್ತು ಜನ ಬಂದರೆ ತೊಂದರೆಯಾಗದೇ?" ಎಂದು ವಿಚಾರಿಸುವವರು ಅಪರೂಪ. ಹಾಗೆ ವಿಚಾರಿಸಬೇಕೆಂದು ತಿಳಿಸಿಕೊಡುವ ಆತಿಥೇಯರೂ ಅಷ್ಟೇ ಅಪರೂಪ.

ತಂಪು ಕಾಡಿನ ನಡುವಿನ ಬಿಡಾರದಲ್ಲಿ ಎರಡು ಮೂರು ದಿನ ಕಳೆಯಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಪೇಟೆಯ ಮಕ್ಕಳು ಶೋಲಾ ಕಾಡಿನ ನೆರಳಿನಲ್ಲಿ ನಡೆಯುವುದು, ಸಿಂಗಳೀಕದ ಕೂಗನ್ನು ಆಲಿಸುವುದು, ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ನೆಲವನ್ನು ಕಣ್ಣಾರೆ ಕಾಣುವುದು ಎಲ್ಲರಿಗೂ ಒಳ್ಳೆಯದೇ. ನೋಡದ ಕಾಡನ್ನು ಯಾರೂ ಉಳಿಸಲಾರರು. ಆದರೆ ಇಂದು ಇಂಥ ಪ್ರವಾಸದ ಯೋಜನೆ ಪ್ರವಾಸಿಯ ರಜೆ, ಅವನ ವಾಹನ, ಅವನ ಜೇಬು ಎಂಬ ಮೂರರ ಮೇಲೆ ಮಾತ್ರ ನಿಂತಿದೆ. ಕಾಡಿನ ಕಾಲ, ಹಳ್ಳದ ನೀರು, ಗುಡ್ಡದ ಇಳಿಜಾರು ಎಂಬ ಬೇರೆ ಮೂರಕ್ಕೆ ಅದರಲ್ಲಿ ಸ್ಥಾನವೇ ಇಲ್ಲ. ಈ ಕ್ರಮ ತಿರುಗಬೇಕಾಗಿದೆ. ಬಿಡಾರಕ್ಕೆ ಎಷ್ಟು ಜನ, ಯಾವ ತಿಂಗಳು, ಎಷ್ಟು ದಿನ ಎಂಬುದನ್ನು ಬೇಸಿಗೆಯ ಹಳ್ಳ ತೀರ್ಮಾನಿಸಬೇಕು. ಯೋಜನೆಯ ಮೊದಲ ಸಾಲನ್ನು ಬೆಟ್ಟದವರು ಬರೆಯಬೇಕು. ಪ್ರವಾಸಿ ತನ್ನ ಸಾಲನ್ನು ಅದರ ಕೆಳಗೆ ಸೇರಿಸಬೇಕು.

ಮೇಟಿಯ ಕಾಲದ ಮಿತಿ

ಕಾಡಿನಲ್ಲಿ ತಂಗುವುದು ಮಲೆನಾಡಿಗೆ ಹೊಸತಲ್ಲ. ಅರಣ್ಯ ಇಲಾಖೆಯ ಹಳೆಯ ವಿಶ್ರಾಂತಿ ಗೃಹಗಳು, ಲೋಕೋಪಯೋಗಿ ಇಲಾಖೆಯ ಪ್ರವಾಸಿ ಬಂಗಲೆಗಳು ಇಂದಿಗೂ ಘಟ್ಟದ ದಾರಿಗಳಲ್ಲಿ ಕಾಣಸಿಗುತ್ತವೆ. ಎರಡೋ ಮೂರೋ ಕೋಣೆ, ಒಬ್ಬ ಮೇಟಿ, ಒಂದು ಬಚ್ಚಲ ಹಂಡೆ, ಒಂದು ಬಾವಿ. ತಂಗಬೇಕಾದವರು ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯಬೇಕಾಗಿತ್ತು. ಆ ವ್ಯವಸ್ಥೆ ಅಧಿಕಾರಿಗಳ ಅನುಕೂಲಕ್ಕಾಗಿ ಹುಟ್ಟಿದ್ದು. ಸಾಮಾನ್ಯ ಜನರಿಗೆ ಅದರ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಆದರೂ ಅದರೊಳಗೆ ಒಂದು ಮಿತಿ ತಾನಾಗಿಯೇ ಅಡಗಿತ್ತು. ಬಾವಿಯ ನೀರು ಮತ್ತು ಮೇಟಿಯ ಎರಡು ಕೈಗಳು ಎಷ್ಟು ಜನರನ್ನು ಸಲಹಬಲ್ಲವೋ ಅಷ್ಟೇ ಜನ ಅಲ್ಲಿ ಉಳಿಯುತ್ತಿದ್ದರು.

ಕೊಳವೆಬಾವಿ, ಟ್ಯಾಂಕರ್ ಮತ್ತು ಜೆಸಿಬಿ ಬಂದ ಮೇಲೆ ಆ ಮಿತಿ ಮುರಿಯಿತು. ಗುಡ್ಡ ತಡೆದರೆ ಜೆಸಿಬಿ ಕಡಿಯುತ್ತದೆ, ಬಾವಿ ಬತ್ತಿದರೆ ಟ್ಯಾಂಕರ್ ಬರುತ್ತದೆ. ನೆಲ "ಇನ್ನು ಸಾಕು" ಎಂದು ಹೇಳಿದರೂ ಕೇಳಿಸದ ಸ್ಥಿತಿ ನಿರ್ಮಾಣವಾಗಿದೆ.

ಇದಕ್ಕೆ ಹೋಂಸ್ಟೇ ನಡೆಸುವ ಮನೆಯವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಶೃಂಗೇರಿ, ಕೊಪ್ಪ ಭಾಗದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಹಿಂಡಿದೆ. ಅದರ ಮೇಲೆ ಎಲೆಚುಕ್ಕಿ ರೋಗವೂ ಬಂದಿದೆ. ಕಾಫಿಯ ಬೆಲೆ ಒಂದು ವರ್ಷದಂತೆ ಇನ್ನೊಂದು ವರ್ಷ ಇರುವುದಿಲ್ಲ. ಕೆಲಸಕ್ಕೆ ಆಳು ಸಿಗುವುದಿಲ್ಲ, ಓದಿದ ಮಕ್ಕಳು ಮನೆಯಲ್ಲಿ ಉಳಿಯುವುದಿಲ್ಲ. ಇಂಥ ಮನೆಯೊಂದು ಹಳೆಯ ಅಟ್ಟವನ್ನು ಸರಿಪಡಿಸಿ ಎರಡು ಕೋಣೆ ಬಾಡಿಗೆಗೆ ಕೊಟ್ಟರೆ ಅದು ಬದುಕುವ ದಾರಿ. ಹೀಗಾಗಿಯೇ ಪರಿಸರ ಚಳವಳಿಯೊಳಗೆ ಈ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಕಾಡಂಚಿನ ಪ್ರವಾಸೋದ್ಯಮವನ್ನೇ ನಿಲ್ಲಿಸಬೇಕೆಂಬುದು ಒಂದು. ಬೆಟ್ಟದ ಜನರ ಹೊಟ್ಟೆಪಾಡಿಗೆ ಅಡ್ಡಿಮಾಡಬಾರದೆಂಬುದು ಇನ್ನೊಂದು. ಈ ಎರಡರ ನಡುವೆ ಚರ್ಚೆ ಬಿಸಿಯಾಗುತ್ತಿರುವಾಗಲೇ ಹೊರಗಿನ ಬಂಡವಾಳ ಬಂದು ಇಪ್ಪತ್ತು ಮೂವತ್ತು ಕೊಠಡಿಗಳ ಕಟ್ಟಡ ಎಬ್ಬಿಸುತ್ತದೆ. ಎರಡು ಕೋಣೆಯ ಮನೆಗೂ ಮೂವತ್ತು ಕೊಠಡಿಯ ಕಟ್ಟಡಕ್ಕೂ ವ್ಯತ್ಯಾಸ ತೋರಿಸುವ ಅಳತೆಗೋಲು ಚಳವಳಿಯ ಕೈಯಲ್ಲಿ ಇಲ್ಲದಿರುವುದೇ ತೊಡಕು. ಆ ಅಳತೆಗೋಲು ದೂರದಲ್ಲಿಲ್ಲ, ಮನೆಯ ಹಿಂದಿನ ಹಳ್ಳದಲ್ಲಿದೆ.

ಮೊದಲು ಕಾಲವನ್ನು ನೋಡಬೇಕು

ಪ್ರವಾಸದ ಯೋಜನೆ ಪಂಚಾಂಗದಿಂದ ಆರಂಭವಾಗುತ್ತದೆ. ಆದರೆ ಶಾಲೆಯ ಪಂಚಾಂಗಕ್ಕೂ ಕಾಡಿನ ಪಂಚಾಂಗಕ್ಕೂ ಹೊಂದಿಕೆಯಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್‌ಗೂ ಮೇಲ್ಪಟ್ಟು ಸುರಿಯುವ ಮಳೆಯ ಬಹುಪಾಲು ಈ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಹಸುರು ಕಣ್ಣಿಗೆ ಹಬ್ಬವಾದರೂ ದರೆ ಕುಸಿಯುವ, ಹಳ್ಳ ಒಮ್ಮೆಲೇ ಏರುವ ಕಾಲವಿದು. 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲೆಯ ಶಿರೂರು ಮತ್ತು ಕೇರಳದ ವಯನಾಡು ಕಂಡದ್ದನ್ನು ಯಾರೂ ಮರೆತಿಲ್ಲ. ಈ ತಿಂಗಳುಗಳಲ್ಲಿ ಕಡಿದಾದ ಇಳಿಜಾರಿನ ಬಿಡಾರಕ್ಕೆ ಮಕ್ಕಳು ಮರಿಗಳೊಂದಿಗೆ ಹೋಗುವುದು ಸಾಹಸವೆನಿಸಲಾರದು, ಅವಿವೇಕವೆನಿಸುತ್ತದೆ.

ಡಿಸೆಂಬರ್, ಜನವರಿ, ಫೆಬ್ರವರಿ ಚಳಿಯ ತಿಂಗಳುಗಳು. ಪ್ರವಾಸಿಗಳು ಅತಿ ಹೆಚ್ಚು ಬಯಸುವ ಕಾಲವೂ ಇದೇ. ಆದರೆ ಇದು ಅಡಿಕೆ ಕೊಯ್ಲಿನ, ಕಾಫಿ ಕೊಯ್ಲಿನ ಕಾಲ; ಮನೆಯ ಹೆಂಗಸರಿಗೆ ಉಸಿರಾಡಲು ಬಿಡುವಿಲ್ಲದ ಕಾಲ. ಜೊತೆಗೆ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗವನ್ನು ಹರಡುವುದು ಉಣುಗು. ಮರಿ ಉಣುಗುಗಳು ಕಾಡಿನ ತರಗೆಲೆಯಲ್ಲಿ ಹೆಚ್ಚಾಗಿರುವುದು ಮಳೆಗಾಲ ಮುಗಿದ ನಂತರದ ಒಣ ತಿಂಗಳುಗಳಲ್ಲಿ; ರೋಗಿಗಳು ಹೆಚ್ಚು ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಈ ರೋಗದಿಂದ ತತ್ತರಿಸಿತು. ಹಿಂದೆ ಬಳಕೆಯಲ್ಲಿದ್ದ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ಕೈಬಿಡಲಾಯಿತು. ಆದ್ದರಿಂದ ಪ್ರವಾಸಿಗೆ ಮುಖ್ಯ ರಕ್ಷಣೆ ಎಚ್ಚರಿಕೆಯೇ. ಮೈತುಂಬ ಬಟ್ಟೆ ತೊಡುವುದು, ತೆರೆದ ಭಾಗಕ್ಕೆ ಡೆಪಾ ತೈಲ ಸವರುವುದು, ತರಗೆಲೆಯ ಮೇಲೆ ಕುಳಿತುಕೊಳ್ಳದಿರುವುದು, ಬಿಡಾರಕ್ಕೆ ಮರಳಿದೊಡನೆ ಬಟ್ಟೆ ಬದಲಿಸಿ ಬಿಸಿನೀರಿನ ಸ್ನಾನ ಮಾಡಿ ಮೈಯನ್ನು ಪರೀಕ್ಷಿಸಿಕೊಳ್ಳುವುದು ಅಗತ್ಯ. ಸಮೀಪದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ಕಾಡಿಗೆ ಕಾಲಿಡಬಾರದು. ಮರಳಿ ಊರಿಗೆ ಹೋದ ಮೇಲೆ ಜ್ವರ ಬಂದರೆ ಮಲೆನಾಡಿನ ಕಾಡಿಗೆ ಹೋಗಿಬಂದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಇದನ್ನು ಹೇಳಿದರೆ ಗಿರಾಕಿ ಓಡಿಹೋಗುತ್ತಾನೆಂಬ ಭಯ ಕೆಲವು ಆತಿಥೇಯರಿಗಿದೆ. ಹೇಳದೆ ಉಳಿಸಿಕೊಂಡ ಗಿರಾಕಿಗೆ ಕಾಯಿಲೆ ಬಂದರೆ ಇಡೀ ಊರಿನ ಹೆಸರು ಹೋಗುತ್ತದೆ.

ಮಾರ್ಚ್‌ನಿಂದ ಮೇ ಮಧ್ಯದವರೆಗೆ ಹಳ್ಳಗಳು ಬಡವಾಗುತ್ತವೆ, ಹುಲ್ಲುಗಾವಲು ಒಣಗಿ ಕಿಡಿಗೆ ಕಾಯುತ್ತದೆ. ಬೆಂಕಿಯ ಅಪಾಯವಿರುವ ತಿಂಗಳುಗಳಲ್ಲಿ ಅರಣ್ಯ ಇಲಾಖೆ ಚಾರಣದ ಹಾದಿಗಳನ್ನು ಮುಚ್ಚುವುದುಂಟು. ಶಾಲೆಗಳ ರಜೆ ಬರುವುದು ನಿಖರವಾಗಿ ಈ ವೇಳೆಯಲ್ಲೇ. ಬೆಟ್ಟದ ನೀರು ಅತ್ಯಂತ ಕಡಿಮೆ ಇರುವಾಗ ಬೆಟ್ಟದ ಜನಸಂಖ್ಯೆ ಅತ್ಯಂತ ಹೆಚ್ಚಾಗುತ್ತದೆ.

ಹಾಗಾದರೆ ಉಳಿದದ್ದು ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಆರಂಭದವರೆಗಿನ ಏಳೆಂಟು ವಾರಗಳು. ಹಳ್ಳಗಳು ತುಂಬಿರುತ್ತವೆ, ಹುಲ್ಲು ಹಸಿಯಾಗಿರುತ್ತದೆ, ಉಣುಗಿನ ಕಾಟ ಇನ್ನೂ ಏರಿರುವುದಿಲ್ಲ. ಕಾಲಿಗೆ ಅಲ್ಲಲ್ಲಿ ಇಂಬಳ ಹತ್ತಬಹುದು, ಅಷ್ಟೇ. ಕುಟುಂಬದೊಂದಿಗೆ ಬರುವವರಿಗೆ ಇದೇ ಸರಿಯಾದ ಸಮಯ. ಸಮುದ್ರಮಟ್ಟದಿಂದ 1,000 ಮೀಟರ್ ಏರಿದರೆ ಗಾಳಿ ಸುಮಾರು 6 ಡಿಗ್ರಿ ಸೆಲ್ಸಿಯಸ್ ತಂಪಾಗುವುದರಿಂದ ಬೆಚ್ಚನೆಯ ಹೊದಿಕೆ ಕಡ್ಡಾಯವಾಗಿ ಜೊತೆಗಿರಲಿ.

ಹಳ್ಳದ ಲೆಕ್ಕ

ಕಾಲ ನಿಶ್ಚಯವಾದ ಮೇಲೆ ಎಷ್ಟು ಜನ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಉತ್ತರ ಹುಡುಕಲು ತಜ್ಞರ ಸಮಿತಿ ಬೇಕಾಗಿಲ್ಲ. ಒಂದು ಬಕೆಟ್ ಮತ್ತು ಒಂದು ಗಡಿಯಾರ ಸಾಕು.

ಮಲೆನಾಡಿನ ಅನೇಕ ಮನೆಗಳಿಗೆ ಇಂದಿಗೂ ಅಬ್ಬಿ ನೀರೇ ಆಧಾರ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಬರುತ್ತಿದ್ದ ನೀರು ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ 20 ಲೀಟರಿನ ಬಕೆಟ್ಟನ್ನು ಆ ನೀರಿಗೆ ಹಿಡಿಯಬೇಕು. ತುಂಬಲು 2 ನಿಮಿಷ ಹಿಡಿದರೆ ನಿಮಿಷಕ್ಕೆ 10 ಲೀಟರ್; ದಿನಕ್ಕೆ 14,400 ಲೀಟರ್. ಕೇಳಲು ದೊಡ್ಡ ಮೊತ್ತ. ಈಗ ಅದನ್ನು ಹಂಚಿ ನೋಡಬೇಕು. ಅರ್ಧದಷ್ಟನ್ನು ಹಳ್ಳಕ್ಕೇ ಬಿಡಬೇಕು. ಕೆಳಗಿನ ಮನೆಗಳು, ದನಕರು, ಕಾಡುಪ್ರಾಣಿಗಳು, ಮೀನು ಏಡಿಗಳು ಅದನ್ನು ನಂಬಿವೆ. ಉಳಿದದ್ದು 7,200 ಲೀಟರ್. ಮನೆಯ ಆರೇಳು ಜನ, ಕೊಟ್ಟಿಗೆಯ ನಾಲ್ಕು ದನಗಳು, ಆಳುಗಳ ಬಳಕೆ ಸೇರಿ 1,000 ಲೀಟರ್ ಎಂದಿಟ್ಟುಕೊಂಡರೆ ಮಿಕ್ಕಿದ್ದು 6,200 ಲೀಟರ್. ಬೇಸಿಗೆಯಲ್ಲಿ ಹನಿ ನೀರಾವರಿಯಿಂದ ಒಂದು ಅಡಿಕೆ ಮರಕ್ಕೆ ದಿನಕ್ಕೆ ಸುಮಾರು 20 ಲೀಟರ್ ಕೊಡಬೇಕು. ಅಂದರೆ ಮಿಕ್ಕ ನೀರು 310 ಮರಗಳಿಗೆ ಸಾಕಾಗುತ್ತದೆ. ಎಕರೆಗೆ ಸುಮಾರು 550 ಮರಗಳ ಲೆಕ್ಕದಲ್ಲಿ ಅದು ಅರ್ಧ ಎಕರೆಗಿಂತ ತುಸು ಹೆಚ್ಚು, ಅಷ್ಟೇ.

ಈ ಲೆಕ್ಕದೊಳಕ್ಕೆ ಪ್ರವಾಸಿಯನ್ನು ಸೇರಿಸಬೇಕು. ಭಾರತದ ಕಟ್ಟಡ ಮಾನಕಗಳು ಹೋಟೆಲಿನ ಒಬ್ಬ ಅತಿಥಿಗೆ ದಿನಕ್ಕೆ 180 ಲೀಟರ್ ನೀರನ್ನು ಲೆಕ್ಕ ಹಾಕುತ್ತವೆ. ಹತ್ತು ಅತಿಥಿಗಳಿಗೆ 1,800 ಲೀಟರ್, ಅಂದರೆ 90 ಅಡಿಕೆ ಮರಗಳ ಪಾಲು. ನಲವತ್ತು ಅತಿಥಿಗಳಿಗೆ 7,200 ಲೀಟರ್. ಆಗ ಮನೆಗೂ ತೋಟಕ್ಕೂ ಇದ್ದ ಪಾಲೆಲ್ಲ ಖಾಲಿ. ಮನೆಯವರು ಹಳ್ಳದ ಪಾಲಿಗೆ ಕೈಹಾಕದೆ ಗತ್ಯಂತರವಿಲ್ಲ. ಕೆಳಗಿನ ಊರಿನವರು ಏಪ್ರಿಲ್‌ನಲ್ಲಿ ಕೊಡ ಹಿಡಿದು ನಿಲ್ಲುವುದಕ್ಕೂ ಮೇಲಿನ ಗುಡ್ಡದಲ್ಲಿ ಈಜುಕೊಳ ತುಂಬುವುದಕ್ಕೂ ಇರುವ ಸಂಬಂಧ ಇಷ್ಟು ಸರಳವಾಗಿದೆ.

ಇನ್ನೊಂದು ಅಂಕಿಯನ್ನೂ ಇಲ್ಲಿ ನೆನೆಯಬೇಕು. ಜಲಜೀವನ್ ಮಿಷನ್ ಗ್ರಾಮೀಣ ಭಾರತದ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡುವುದನ್ನು ಗುರಿಯಾಗಿರಿಸಿಕೊಂಡಿದೆ. ಊರಿನವನಿಗೆ 55 ಲೀಟರ್ ಸಾಕೆನ್ನುವುದಾದರೆ, ಅದೇ ಊರಿನ ನೀರನ್ನು ಬಳಸುವ ಅತಿಥಿಗೆ ಮೂರು ಪಟ್ಟಿಗಿಂತ ಹೆಚ್ಚು ಏಕೆ ಬೇಕು? ಷವರ್ ಇಲ್ಲದ, ತಂಬಿಗೆ ಬಕೆಟ್ಟಿನ ಬಚ್ಚಲು ಬಿಡಾರದ ಕೊರತೆಯೆಂದು ಯಾರೂ ನಾಚಬೇಕಾಗಿಲ್ಲ. ಅದೇ ಅದರ ಮರ್ಯಾದೆ. ಅತಿಥಿಯೂ 55 ಲೀಟರಿನಲ್ಲಿ ದಿನ ಕಳೆಯಲು ಒಪ್ಪಿದರೆ ಅದೇ 1,800 ಲೀಟರ್ ಹತ್ತರ ಬದಲು ಮೂವತ್ತು ಜನರಿಗೆ ಸಾಕಾಗುತ್ತದೆ. ಹಾಗೆಂದು ಮೂವತ್ತು ಜನರನ್ನು ತುಂಬಬೇಕೆಂದು ಅರ್ಥವಲ್ಲ. ಹತ್ತು ಜನ ಬಂದಾಗ ಉಳಿಯುವ ನೀರು ಹಳ್ಳದಲ್ಲೇ ಹರಿಯಲಿ ಎಂದರ್ಥ.

ಮಳೆನೀರು ಸಂಗ್ರಹದಿಂದ ಎಲ್ಲವನ್ನೂ ಸರಿದೂಗಿಸಬಹುದೆಂಬ ಮಾತು ಆಗಾಗ ಕೇಳಿಬರುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಬೀಳುವಲ್ಲಿ 100 ಚದರ ಮೀಟರ್ ಮಾಡಿನ ಮೇಲೆ 3 ಲಕ್ಷ ಲೀಟರ್ ನೀರು ಬೀಳುವುದು ನಿಜ. ಆದರೆ ಅದು ಬೀಳುವುದು ನೀರು ಬೇಡವಾದ ತಿಂಗಳುಗಳಲ್ಲಿ. ಬೇಸಿಗೆಯ 90 ದಿನ ಹತ್ತು ಅತಿಥಿಗಳಿಗೆ ತಲಾ 55 ಲೀಟರ್ ಕೊಡಬೇಕಾದರೂ 49,500 ಲೀಟರಿನ ತೊಟ್ಟಿ ಬೇಕು. 180 ಲೀಟರಿನಂತೆ ಕೊಡಬೇಕಾದರೆ 1,62,000 ಲೀಟರಿನ ತೊಟ್ಟಿ ಬೇಕು. ಮೊದಲನೆಯದನ್ನು ಕಟ್ಟುವುದು ಒಂದು ಮನೆಗೆ ಕಷ್ಟಪಟ್ಟರೆ ಸಾಧ್ಯ. ಎರಡನೆಯದಕ್ಕೆ ಗುಡ್ಡವನ್ನೇ ಅಗೆಯಬೇಕಾಗುತ್ತದೆ.

ಇಳಿಜಾರನ್ನು ಕಡಿದು ಕಟ್ಟಿದ ಸೊಬಗು

ಮೂರನೆಯ ಪ್ರಶ್ನೆ, ಯಾವ ಬಿಡಾರ ಎಂಬುದು. ಕಿಟಕಿ ತೆರೆದರೆ ಕಣಿವೆ ಕಾಣಬೇಕೆಂಬ ಹಂಬಲ ಪ್ರವಾಸಿಯದು. ಅದನ್ನು ಪೂರೈಸಲು ದರೆ ಕಡಿದು, ಮಟ್ಟಸ ಮಾಡಿ, ಅಂಚಿನಲ್ಲಿ ಕಟ್ಟಡ ಎತ್ತುತ್ತಾರೆ. ಶೋಲಾ ಕಾಡಿನ ನೆಲ ಹೇಗಿದೆಯೆಂದು ತಿಳಿದವರು ಇದನ್ನು ಒಪ್ಪಲಾರರು. ದರಗು, ಬೇರು, ಶಿಲೀಂಧ್ರ, ಎರೆಹುಳುಗಳು ಸೇರಿ ಆ ಮಣ್ಣಿನಲ್ಲಿ ಅಸಂಖ್ಯ ರಂಧ್ರಗಳನ್ನು ನಿರ್ಮಿಸಿರುತ್ತವೆ. ಮಳೆನೀರು ಅದರೊಳಗೆ ಇಂಗಿ, ನಿಧಾನವಾಗಿ ಕೆಳಗಿಳಿದು, ತಿಂಗಳುಗಳ ನಂತರ ಒರತೆಯಾಗಿ ಹೊರಬರುತ್ತದೆ. ಬೇಸಿಗೆಯ ಹಳ್ಳವೆಂದರೆ ಕಳೆದ ಮಳೆಗಾಲದಲ್ಲಿ ಇಂಗಿದ ನೀರು. ವಾಹನದ ಚಕ್ರ, ನೂರಾರು ಪಾದಗಳು ಆ ಮಣ್ಣನ್ನು ಒತ್ತಿದಾಗ ರಂಧ್ರಗಳು ಮುಚ್ಚುತ್ತವೆ. ನೀರು ಇಂಗದೆ ಮೇಲೆಯೇ ಓಡುತ್ತದೆ.

ಒಂದು ಚದರ ಮೀಟರ್ ಜಾಗದ ಮೇಲೆ ಬಿದ್ದ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್ ನೀರು. ಮಾಡು, ಅಂಗಳ, ವಾಹನ ನಿಲ್ಲಿಸುವ ಜಾಗ ಸೇರಿ ಅರ್ಧ ಎಕರೆ, ಅಂದರೆ ಸುಮಾರು 2,000 ಚದರ ಮೀಟರ್ ನೆಲ ಗಟ್ಟಿಯಾಯಿತೆಂದರೆ, 100 ಮಿಲಿಮೀಟರ್ ಮಳೆ ಸುರಿದ ಒಂದೇ ದಿನ 2 ಲಕ್ಷ ಲೀಟರ್ ನೀರು ಇಳಿಜಾರಿನತ್ತ ನುಗ್ಗುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಅಂಥ ದಿನಗಳು ಅಪರೂಪವಲ್ಲ. ಆ ನೀರು ಎಲ್ಲಿಗೆ ಹೋಗುತ್ತದೆಂದು ಕೆಳಗಿನ ಗದ್ದೆಯವನನ್ನು ಕೇಳಬೇಕು. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅಸಾಧಾರಣ ಮಳೆಯೊಂದಿಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದ್ದರು.

ಆದ್ದರಿಂದ ಬಿಡಾರವನ್ನು ಆರಿಸುವಾಗ ಕೇಳಬೇಕಾದದ್ದು: ಕಟ್ಟಡ ಹಳೆಯ ಮನೆಯ ಅಡಿಪಾಯದಲ್ಲಿದೆಯೇ, ಹೊಸದಾಗಿ ದರೆ ಕಡಿದ ಜಾಗದಲ್ಲಿದೆಯೇ? ಪಾಯಿಖಾನೆಯ ಗುಂಡಿ ಹಳ್ಳದಿಂದ ಎಷ್ಟು ದೂರದಲ್ಲಿದೆ? ಮನೆಯವರು ಅಲ್ಲೇ ವಾಸಿಸುತ್ತಾರೆಯೇ? ಮನೆಯವರು ಕುಡಿಯುವ ನೀರಿಗೂ ಅತಿಥಿಗಳ ಮಲಿನ ನೀರಿಗೂ ನಡುವೆ ಇರುವ ಅಂತರವನ್ನು ಆ ಮನೆಯಲ್ಲೇ ಮಲಗಿ ಏಳುವವರು ತಪ್ಪದೆ ನೋಡಿಕೊಳ್ಳುತ್ತಾರೆ. ದೂರದ ನಗರದಲ್ಲಿ ಕುಳಿತ ಮಾಲೀಕನಿಗೆ ಆ ಕಾಳಜಿ ಇರುವುದು ಕಷ್ಟ.

ಬೆಂಕಿ, ಬಿಸಿನೀರು, ಬುತ್ತಿ

ಚಳಿಯ ರಾತ್ರಿಯಲ್ಲಿ ಬೆಂಕಿಯ ಸುತ್ತ ಕುಳಿತುಕೊಳ್ಳುವ ಆಸೆ ಸಹಜ. ಆದರೆ ಆ ಸೌದೆ ಎಲ್ಲಿಂದ ಬರುತ್ತದೆ? ಕಾಡಿನ ಒಣಮರವೆಂದರೆ ನಿರುಪಯೋಗಿ ವಸ್ತುವಲ್ಲ. ಮರಕುಟಿಗ, ಹಾರುಬೆಕ್ಕು, ಜೇನು, ಅಣಬೆಗಳ ಮನೆ ಅದು. ಮುಂದಿನ ಮಣ್ಣೂ ಅದೇ. ಬಚ್ಚಲ ಒಲೆಯ ಲೆಕ್ಕವನ್ನೂ ನೋಡಬಹುದು. ಒಬ್ಬರ ಸ್ನಾನಕ್ಕೆ 50 ಲೀಟರ್ ತಣ್ಣೀರನ್ನು 18 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು, ಸೌದೆಯ ಶಾಖದ ಶೇಕಡಾ 15ರಷ್ಟು ಮಾತ್ರ ಬಳಕೆಯಾಗುವ ಸಾಧಾರಣ ಒಲೆಯಲ್ಲಿ, ಸುಮಾರು 2 ಕಿಲೋ ಒಣಸೌದೆ ಬೇಕು. ಹತ್ತು ಜನ ಮೂರು ದಿನ ಉಳಿದರೆ 60 ಕಿಲೋ. ಇದು ಸ್ನಾನಕ್ಕೆ ಮಾತ್ರ. ರಾತ್ರಿಯ ಬೆಂಕಿಯ ಲೆಕ್ಕ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆ ಮಲೆನಾಡಿಗೆ ಹೊಸದೇನಲ್ಲ. ಅಂಥ ಒಲೆಯನ್ನಾಗಲಿ ಸೌರ ಹಂಡೆಯನ್ನಾಗಲಿ ಇಟ್ಟುಕೊಂಡ ಬಿಡಾರಕ್ಕೆ ಪ್ರವಾಸಿಗಳು ಆದ್ಯತೆ ಕೊಡಬೇಕು; ಸ್ನಾನವನ್ನು ಒಂದು ಬಕೆಟ್ಟಿಗೆ ಇಳಿಸಬೇಕು. ತೋಟದ ಅಡಿಕೆ ಹಾಳೆ, ಸೋಗೆ, ತೆಂಗಿನ ಮೊಟ್ಟೆಗಳಿಂದ ಅಂಗಳದಲ್ಲಿ ಸಣ್ಣ ಬೆಂಕಿ ಹಾಕಿದರೆ ಯಾರ ತಕರಾರೂ ಇರಲಾರದು. ಗುಡ್ಡದ ಹುಲ್ಲುಗಾವಲಿನಲ್ಲಿ ಮಾತ್ರ ಕಡ್ಡಿಪೆಟ್ಟಿಗೆಯನ್ನೇ ತೆಗೆಯಕೂಡದು. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಬುತ್ತಿಯ ವಿಷಯದಲ್ಲಿ ಹೇಳಬೇಕಾದದ್ದು ಇಷ್ಟೇ. ಪೊಟ್ಟಣದಲ್ಲಿ ಬಂದದ್ದು ಪೊಟ್ಟಣದಲ್ಲೇ ಮರಳಿ ಪೇಟೆಗೆ ಹೋಗಬೇಕು. ಕರ್ನಾಟಕದಲ್ಲಿ 2016ರಲ್ಲಿ, ದೇಶದಲ್ಲಿ 2022ರ ಜುಲೈ 1ರಿಂದ ಪ್ಲಾಸ್ಟಿಕ್ ನಿಷೇಧದ ಆದೇಶಗಳು ಬಂದಿದ್ದರೂ ಕುರುಕಲು ತಿಂಡಿಯ ಚೀಲಗಳೂ ನೀರಿನ ಬಾಟಲಿಗಳೂ ಬೆಟ್ಟ ಹತ್ತುವುದು ನಿಂತಿಲ್ಲ. ಬೆಟ್ಟದ ಬಹುತೇಕ ಗ್ರಾಮ ಪಂಚಾಯಿತಿಗಳಿಗೆ ಇಷ್ಟು ಕಸವನ್ನು ನಿಭಾಯಿಸುವ ಶಕ್ತಿ ಇಲ್ಲ. ಕೊನೆಗೆ ಅದು ಹಳ್ಳಕ್ಕೆ ಬೀಳುತ್ತದೆ, ಇಲ್ಲವೇ ಸುಟ್ಟ ಹೊಗೆಯಾಗುತ್ತದೆ. ಬಿಡಾರದ ಊಟ ಆ ಊರಿನ ಅಕ್ಕಿ, ಆ ಹಿತ್ತಿಲಿನ ಸೊಪ್ಪು, ಆ ಕೊಟ್ಟಿಗೆಯ ಮಜ್ಜಿಗೆಯಿಂದ ಆದರೆ ಕಸವೂ ಕಡಿಮೆ, ಹಣವೂ ಊರಲ್ಲೇ ಉಳಿಯುತ್ತದೆ.

ಹಣ ಯಾರಿಗೆ, ಹಕ್ಕು ಯಾರಿಗೆ

600 ಚದರ ಕಿಲೋಮೀಟರ್ ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1987ರಲ್ಲಿ. ಅಲ್ಲಿನ ಗಣಿಗಾರಿಕೆ, ದೀರ್ಘ ಹೋರಾಟ ಮತ್ತು ಸುಪ್ರೀಂ ಕೋರ್ಟಿನ ತೀರ್ಪಿನ ಫಲವಾಗಿ, 2005ರ ಡಿಸೆಂಬರ್ 31ಕ್ಕೆ ನಿಂತಿತು. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖವೂ ಅವುಗಳಲ್ಲೊಂದಾಯಿತು. ಉದ್ಯಾನದೊಳಗೆ ಭದ್ರೆಯ ದಂಡೆಯಲ್ಲಿರುವ ಭಗವತಿ ಪ್ರಕೃತಿ ಶಿಬಿರ ಹಲವರಿಗೆ ಕಾಡಿನ ಮೊದಲ ಪಾಠ ಹೇಳಿಕೊಟ್ಟಿದೆ. ಅದೇ ಉದ್ಯಾನದೊಳಗೆ ತಲೆಮಾರುಗಳಿಂದ ಬದುಕಿದ ಮಲೆಕುಡಿಯರು, ಗೌಡಲು ಮುಂತಾದ ಸಮುದಾಯಗಳ ಎಷ್ಟೋ ಕುಟುಂಬಗಳು ಪುನರ್ವಸತಿಯ ಹೆಸರಿನಲ್ಲಿ ಹೊರಬರಬೇಕಾಯಿತು. ಉಳಿದವರು ರಸ್ತೆ, ವಿದ್ಯುತ್ತಿಗಾಗಿ ಇಂದಿಗೂ ಅರ್ಜಿ ಹಿಡಿದು ಅಲೆಯುತ್ತಾರೆ. ಕಾಡನ್ನು ಬಲ್ಲವರಿಗೆ ಹೊರದಾರಿ ತೋರಿಸಿ, ಕಾಡನ್ನು ನೋಡಬಂದವರಿಗೆ ಹೆಬ್ಬಾಗಿಲು ತೆರೆಯುವುದು ಎಂಥ ಸಂರಕ್ಷಣೆ? ಪ್ರವಾಸಿ ತನ್ನ ಯೋಜನೆಯಲ್ಲಿ ಒಬ್ಬ ಸ್ಥಳೀಯ ಮಾರ್ಗದರ್ಶಿಗೆ, ಊಟ ಬಡಿಸುವ ಒಂದು ಸ್ಥಳೀಯ ಮನೆಗೆ ಹಣ ತೆಗೆದಿಡುವುದು ದಾನವೆನಿಸಲಾರದು. ಕಾಡು ಉಳಿಸಿದವರಿಗೆ ಸಲ್ಲಬೇಕಾದ ಬಾಕಿ ಅದು.

ಮಿತಿಯನ್ನು ಯಾರು ಬರೆಯಬೇಕು

ಸರ್ಕಾರಕ್ಕೂ ಮಿತಿಯ ಅಗತ್ಯ ಈಗ ಅರಿವಾಗತೊಡಗಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಒಂದೇ ವಾರಾಂತ್ಯಕ್ಕೆ ಭಾರಿ ಜನಸಂದಣಿ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಿಗರ ಸಂಖ್ಯೆಗೆ ಮಿತಿ ಹಾಕಿ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸುವ ಕ್ರಮ ಕೈಗೊಂಡಿತು. ನೆರೆಯ ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಊಟಿ ಮತ್ತು ಕೊಡೈಕೆನಾಲ್‌ಗೆ 2024ರ ಮೇ ತಿಂಗಳಿನಿಂದ ಇ-ಪಾಸ್ ಜಾರಿಯಾಯಿತು. ಇವೆಲ್ಲ ಸ್ವಾಗತಾರ್ಹ. ಆದರೆ ಇವು ಹಾದಿಯ ಜನರನ್ನು, ರಸ್ತೆಯ ವಾಹನಗಳನ್ನು ಎಣಿಸುತ್ತವೆ. ಕಣಿವೆಯಲ್ಲಿ ಎಷ್ಟು ಕೊಠಡಿಗಳು ಏಳಬಹುದೆಂಬುದನ್ನು ಆ ಕಣಿವೆಯ ನೀರಿಗೆ ತಾಳೆ ಹಾಕಿ ನೋಡುವವರು ಇನ್ನೂ ಯಾರೂ ಇಲ್ಲ.

ಆ ಕೆಲಸ ಗ್ರಾಮಸಭೆಯದು. 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿಗಳ ಪರ ವಿರೋಧದ ಕೂಗಿನಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಕಳೆದುಹೋಗಿವೆ. ಬೆಟ್ಟದ ಮೇಲೆ ದೆಹಲಿಯೋ ಬೆಂಗಳೂರೋ ಗೆರೆ ಎಳೆಯಬಾರದೆನ್ನುವವರು, ತಮ್ಮ ಊರಿನ ಗೆರೆಯನ್ನು ತಾವೇ ಎಳೆದು ತೋರಿಸಬೇಕಲ್ಲವೇ? 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಪ್ರತಿ ಏಪ್ರಿಲ್ ಕೊನೆಯ ವಾರದಲ್ಲಿ ಊರಿನ ಹಳ್ಳ, ಅಬ್ಬಿಗಳನ್ನು ಬಕೆಟ್ಟು ಹಿಡಿದು ಅಳೆದು ದಾಖಲಿಸಲಿ. ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸವಿದು. ಮೂರು ನಾಲ್ಕು ವರ್ಷಗಳ ದಾಖಲೆಯಲ್ಲಿ ಅತಿ ಕಡಿಮೆ ಇರುವ ಅಂಕಿಯೇ ಆ ಕಣಿವೆಯ ಕೊಠಡಿಗಳ ಸಂಖ್ಯೆಯನ್ನು ನಿರ್ಧರಿಸಲಿ. ಹೊಸ ಕಟ್ಟಡಕ್ಕೆ ಪರವಾನಗಿ ಕೇಳಿ ಬಂದವರ ಮುಂದೆ ಆ ಪುಸ್ತಕವನ್ನು ತೆರೆದಿಡಲಿ. ಭಾಷಣಕ್ಕೆ ಬಗ್ಗದ ಬಂಡವಾಳಗಾರ ಹಳ್ಳದ ಅಂಕಿಗೆ ಬಗ್ಗುತ್ತಾನೆಂಬ ಖಾತರಿ ಇಲ್ಲದಿರಬಹುದು. ಆದರೆ ನ್ಯಾಯಾಲಯದ ಮುಂದೆ ನಿಲ್ಲುವಾಗ ಊರಿನ ಕೈಯಲ್ಲಿ ಘೋಷಣೆಯ ಜೊತೆಗೆ ಪುರಾವೆಯೂ ಇರುತ್ತದೆ.

ಹೀಗೆ ಮಿತಿ ಹಾಕಿದರೆ ಆದಾಯ ಇಳಿಯುತ್ತದೆಂಬ ಆಕ್ಷೇಪ ಬರುತ್ತದೆ. ಕೊಠಡಿಗಳು ಕಡಿಮೆಯಾದರೆ ಏಪ್ರಿಲ್, ಮೇ ತಿಂಗಳ ಆದಾಯ ಇಳಿಯುವುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದೇ ಕಣಿವೆಯಲ್ಲಿ ಹತ್ತು ಕಟ್ಟಡಗಳು ಎದ್ದು ಹಳ್ಳ ಬತ್ತಿದ ವರ್ಷ ಮೊದಲು ಬಾಗಿಲು ಹಾಕುವುದು ಎರಡು ಕೋಣೆಯ ಮನೆಯೇ. ದೊಡ್ಡವರು ಟ್ಯಾಂಕರ್ ತರಿಸುತ್ತಾರೆ, ಇಲ್ಲವೇ ಮತ್ತೊಂದು ಕಣಿವೆಗೆ ಹೋಗುತ್ತಾರೆ. ತೋಟವನ್ನು ಹೆಗಲ ಮೇಲೆ ಹೊತ್ತು ಮತ್ತೊಂದು ಕಣಿವೆಗೆ ಹೋಗಲು ಕೃಷಿಕನಿಂದ ಸಾಧ್ಯವಿಲ್ಲ. ಮಿತಿ ಇರುವುದು ಸಣ್ಣವನ ರಕ್ಷಣೆಗೆ.

ಗಣಿಯ ಡೈನಮೈಟಿಗೆ ಎದುರು ನಿಂತ ಚಳವಳಿ, ನಗುಮುಖದಿಂದ ಬಂದು ಕೊಠಡಿ ಕೇಳುವವರ ಮುಂದೆ ಏನು ಹೇಳಬೇಕೆಂದು ತಿಳಿಯದೆ ಮೌನವಾಗಿದೆ. ಬಂದವರನ್ನು ಬಾಗಿಲಿಂದ ಹಿಂದಕ್ಕೆ ಕಳಿಸುವುದು ಮಲೆನಾಡಿನ ಸಂಪ್ರದಾಯವಲ್ಲ. ಕಾಲಿಗೆ ನೀರು ಕೊಟ್ಟು, ಬೆಲ್ಲ ನೀರು ಕೊಟ್ಟು ಒಳಗೆ ಕರೆಯುವುದು ಇಲ್ಲಿನ ರೂಢಿ. ಆ ರೂಢಿ ಉಳಿಯಬೇಕಾದರೆ ಕೊಡಲು ಚೆಂಬಿನಲ್ಲಿ ನೀರಿರಬೇಕು. ಈ ವರ್ಷ ಕಾಡಿನ ಬಿಡಾರಕ್ಕೆ ಹೊರಡುವವರು ಕೊಠಡಿ ಖಾಲಿ ಇದೆಯೇ ಎಂದು ಕೇಳುವ ಮೊದಲು ಹಳ್ಳದಲ್ಲಿ ನೀರಿದೆಯೇ ಎಂದು ಕೇಳಲಿ. ಕೇಳದಿದ್ದರೆ, ಫೋನು ಎತ್ತಿದವರೇ ಆ ಮಾತು ತೆಗೆಯಲಿ.